ಒಂದೇ ತೋಟ, ಮೂರು ಉತ್ತರ: ಗುಂಪಿನ ಕೋಡ್ ಮತ್ತು ಹಜಾರ್ಡ್ ರೇಶಿಯೊ

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ತೋಟಗಾರಿಕೆ ಎಂ.ಎಸ್ಸಿ. ಓದುತ್ತಿದ್ದೇನೆ. ದಾಳಿಂಬೆಯಲ್ಲಿ ಚಾಟಣಿ (ರೆಂಬೆ ಕತ್ತರಿಸುವುದು) ಆದ ದಿನದಿಂದ ದುಂಡಾಣು ಅಂಗಮಾರಿಯ ಮೊದಲ ಚುಕ್ಕೆ ಕಾಣುವ ತನಕ ಎಷ್ಟು ದಿನ ಹಿಡಿಯುತ್ತದೆ ಅಂತ ನೋಡಿದ್ದೇನೆ. ಮೂರು ಗುಂಪು ಇವೆ. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆದವು ಕೋಡ್ 1, ಜೈವಿಕ ಔಷಧಿ ಹೊಡೆದವು ಕೋಡ್ 2, ಏನೂ ಹೊಡೆಯದವು ಕೋಡ್ 3. ಕಾಕ್ಸ್ ರಿಗ್ರೆಶನ್‌ಗೆ ಈ ಕೋಡ್ ಅನ್ನು ಹಾಗೇ ಹಾಕಿದರೆ ಒಂದೇ ಹಜಾರ್ಡ್ ರೇಶಿಯೊ ಬಂತು, 1.41. ಆರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಗುಂಪುಗಳಿಗೆ ಹೆಸರು ಕೊಟ್ಟು ಓಡಿಸಿದರೆ 0.625 ಮತ್ತು 1.25 ಬಂತು. ಗೆಳತಿ ಎಸ್‌ಪಿಎಸ್‌ಎಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಮಾಡಿದರೆ 0.50 ಮತ್ತು 0.80. ಯಾವುದು ಸರಿ? 0.50 ಅಂದರೆ ಬೋರ್ಡೋದಿಂದ ಅರ್ಧ ಗಿಡ ಉಳಿದವು ಅಂತ ಬರೆಯಬಹುದಾ? ಇನ್ನೊಂದು ವಿಷಯ. ಎಷ್ಟು ಸಲ ಸಿಂಪಡಿಸಿದ್ದೇವೆ ಅನ್ನುವುದನ್ನು ‘ಕಡಿಮೆ ಸಲ’, ‘ಜಾಸ್ತಿ ಸಲ’ ಅಂತ ಗುಂಪು ಮಾಡಿ ಹಾಕಿದರೆ 0.2 ಬರುತ್ತಿದೆ. ಇದನ್ನೇ ಪ್ರಬಂಧದ ಮುಖ್ಯ ಫಲಿತಾಂಶ ಮಾಡಲೇ?

ಉತ್ತರ: ನಿಮಗೆ ಆರ್‌ನಲ್ಲಿ ಬಂದದ್ದೂ ಸರಿ, ಗೆಳತಿಗೆ ಎಸ್‌ಪಿಎಸ್‌ಎಸ್‌ನಲ್ಲಿ ಬಂದದ್ದೂ ಸರಿ. ಎರಡೂ ಒಂದೇ ಉತ್ತರ. ಮೊದಲು ಬಂದ 1.41 ಅನ್ನು ಬಿಟ್ಟುಬಿಡಿ. ಅರ್ಧ ಗಿಡ ಉಳಿದವು ಅಂತ ಬರೆಯಬೇಡಿ. ಆ 0.2 ಇದೆಯಲ್ಲ, ಅದು ನಿಮ್ಮ ದಾರಿ ತಪ್ಪಿಸುತ್ತಿದೆ. ಯಾಕೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ.

ಒಂದು ಮಾತು ಮೊದಲೇ. ನಿಮ್ಮ ಪ್ರಬಂಧ ಇನ್ನೂ ಸಲ್ಲಿಕೆ ಆಗಿಲ್ಲ. ಹಾಗಾಗಿ ನೀವು ಕಳಿಸಿದ ಅಂಕಿಗಳನ್ನು ಲೆಕ್ಕಕ್ಕೆ ಸುಲಭ ಆಗುವಂತೆ ಬದಲಿಸಿದ್ದೇನೆ. ಮೇಲಿನ ಪ್ರಶ್ನೆಯಲ್ಲಿ ಕಾಣುವುದೂ ಬದಲಿಸಿದ ಅಂಕಿಗಳೇ. ದಾಳಿಂಬೆ ಬೆಳೆಯುವವರು ಇದನ್ನು ಓದಿ ಯಾವ ಔಷಧಿ ಮೇಲು ಅಂತ ದಯವಿಟ್ಟು ತೀರ್ಮಾನ ಮಾಡಬೇಡಿ.

ಹಜಾರ್ಡ್ ಅಂದರೆ ಏನು ಅಂತ ತೋಟದಲ್ಲೇ ನಿಂತು ನೋಡೋಣ. ಬೆಳಿಗ್ಗೆ ಹೋಗಿ ಸಾಲು ಹಿಡಿದು ಗಿಡ ನೋಡುತ್ತೀರಿ. ಎಲೆ ಮೇಲೆ ನೀರಲ್ಲಿ ನೆನೆದಂಥ ಚುಕ್ಕೆ, ಬೆಳಕಿಗೆ ಹಿಡಿದರೆ ಸುತ್ತ ಹಳದಿ ಉಂಗುರ. ಅಂಥ ಗಿಡಕ್ಕೆ ಟ್ಯಾಗ್ ಕಟ್ಟಿ, ಪುಸ್ತಕದಲ್ಲಿ ತಾರೀಖು ಬರೆದು ಮುಂದೆ ಹೋಗುತ್ತೀರಿ. ಹಿಂದೆಯೇ ಟ್ಯಾಗ್ ಬಿದ್ದ ಗಿಡಗಳನ್ನು ಮತ್ತೆ ಎಣಿಸುವುದಿಲ್ಲ. ನಿನ್ನೆ ತನಕ ಚೊಕ್ಕಟ ಇದ್ದ ಗಿಡಗಳಲ್ಲಿ ಇವತ್ತು ಎಷ್ಟಕ್ಕೆ ರೋಗ ಬಿತ್ತು? ಆ ವೇಗವೇ ಹಜಾರ್ಡ್. ಇಲ್ಲಿಯ ತನಕ ಒಟ್ಟು ಎಷ್ಟು ಬಿದ್ದವು ಅನ್ನುವುದು ಬೇರೆ ಲೆಕ್ಕ.

ಈ ವೇಗ ದಿನಾ ಒಂದೇ ಇರುವುದಿಲ್ಲ. ಮೃಗ ಬಹಾರದ ಬೆಳೆ, ಅಂದರೆ ಮುಂಗಾರಿನ ಶುರುವಿಗೆ ಹೂ ಬಿಡಿಸುವ ಬೆಳೆ, ಮಳೆಗೆ ಸಿಕ್ಕಿಕೊಳ್ಳುತ್ತದೆ. ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಹನಿ ಸಿಡಿದು ಒಂದು ಗಿಡದ ರೋಗ ಪಕ್ಕದ ಗಿಡಕ್ಕೆ ಹಾರುತ್ತದೆ, ವೇಗ ಏರುತ್ತದೆ. ಹದಿನೈದು ದಿನ ಬಿಸಿಲು ಬಿದ್ದರೆ ಇಳಿಯುತ್ತದೆ. ಈ ಏರಿಳಿತವನ್ನು ಯಾವ ಸೂತ್ರದಲ್ಲಿ ಹಿಡಿಯುವುದು? ಹಿಡಿಯುವುದೇ ಬೇಡ ಅಂತ ತೋರಿಸಿದವರು ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕಾಕ್ಸ್, 1972ರಲ್ಲಿ. ಮಳೆ ಎಲ್ಲಾ ಸಾಲಿಗೂ ಬೀಳುತ್ತದೆ. ಮಳೆಯ ದಿನ ಹೊಡೆಯದ ಗಿಡದ ವೇಗವೂ ಏರುತ್ತದೆ, ಹೊಡೆದ ಗಿಡದ ವೇಗವೂ ಏರುತ್ತದೆ. ಯಾವ ದಿನ ನೋಡಿದರೂ ಒಂದು ಇನ್ನೊಂದರ ಅಷ್ಟೇ ಪಾಲು ಇದ್ದರೆ, ಆ ಪಾಲು ಒಂದನ್ನೇ ಕಂಡುಹಿಡಿದರೆ ಸಾಕು. ಆ ಪಾಲಿಗೆ ಹಜಾರ್ಡ್ ರೇಶಿಯೊ ಅಂತ ಹೆಸರು.

ಅದನ್ನು ಹೇಗೆ ಕಂಡುಹಿಡಿಯುತ್ತದೆ ಅಂತ ಒಮ್ಮೆ ಕೈಯಾರೆ ಮಾಡಿ ನೋಡಿದರೆ ಕೋಡಿಂಗ್‌ನ ಗೊಂದಲ ಮುಕ್ಕಾಲು ಪಾಲು ಕರಗುತ್ತದೆ. ಆರೇ ಆರು ಗಿಡ ತೆಗೆದುಕೊಳ್ಳಿ. ಹೊಡೆಯದ ಮೂರು ಗಿಡಗಳಿಗೆ 21, 35, 49ನೇ ದಿನ ಚುಕ್ಕೆ ಬಂತು. ಹೊಡೆದ ಮೂರರಲ್ಲಿ ಒಂದಕ್ಕೆ 42ನೇ ದಿನ, ಒಂದಕ್ಕೆ 70ನೇ ದಿನ ಬಂತು. ಕೊನೆಯದು 90ನೇ ದಿನ ನೋಡುವುದು ನಿಲ್ಲಿಸಿದಾಗಲೂ ಚೊಕ್ಕಟವಾಗಿತ್ತು. ಇದನ್ನೇ ಸೆನ್ಸಾರ್ ಆಯಿತು ಅನ್ನುತ್ತೇವೆ. ಹೊಡೆಯದ ಗಿಡದ ವೇಗ 1 ಅಂತ ಇಟ್ಟುಕೊಳ್ಳಿ, ಹೊಡೆದ ಗಿಡದ್ದು ‘ಹ’.

21ನೇ ದಿನ ಬೆಳಿಗ್ಗೆ ಆರೂ ಗಿಡ ಚೊಕ್ಕಟವಾಗಿವೆ. ಒಂದಕ್ಕೆ ರೋಗ ಬಿತ್ತು. ಅದು ಇದೇ ಗಿಡ ಯಾಕೆ ಆಗಬೇಕಿತ್ತು? ಆರೂ ಗಿಡಗಳ ವೇಗ ಕೂಡಿಸಿದರೆ 3 + 3ಹ. ಬಿದ್ದ ಗಿಡದ ಪಾಲು 1. ಹಾಗಾಗಿ ಆ ದಿನದ ಭಿನ್ನರಾಶಿ 1 ÷ (3 + 3ಹ). 35ನೇ ದಿನ ಉಳಿದದ್ದು ಹೊಡೆಯದ ಎರಡು, ಹೊಡೆದ ಮೂರು. 1 ÷ (2 + 3ಹ). 42ನೇ ದಿನ ಬಿದ್ದದ್ದು ಹೊಡೆದ ಗಿಡ, ಹಾಗಾಗಿ ಮೇಲೆ ಹ ಬರುತ್ತದೆ: ಹ ÷ (1 + 3ಹ). 49ನೇ ದಿನ 1 ÷ (1 + 2ಹ). 70ನೇ ದಿನ ಉಳಿದವು ಎರಡೂ ಹೊಡೆದವೇ. ಹ ÷ 2ಹ, ಅಂದರೆ ಅರ್ಧ. ಅಲ್ಲಿ ಹ ಹೊಡೆದುಹೋಯಿತು, ಆ ದಿನ ಹೋಲಿಕೆಗೆ ಏನನ್ನೂ ಹೇಳಲಿಲ್ಲ. ಈ ಐದನ್ನೂ ಗುಣಿಸಿ, ಗುಣಲಬ್ಧ ಅತಿ ದೊಡ್ಡದಾಗುವ ಹ ಯಾವುದು ಅಂತ ಹುಡುಕಿದರೆ ಸುಮಾರು 0.185 ಬರುತ್ತದೆ. ಸಾಫ್ಟ್‌ವೇರ್ ಮಾಡುವುದೂ ಇಷ್ಟೇ ಕೆಲಸ. ಮಳೆ ಯಾವ ದಿನ ಬಂತು ಅಂತ ನಾವು ಒಂದು ಸಲವೂ ಕೇಳಲಿಲ್ಲ, ಗಮನಿಸಿದಿರಾ? 0.185 ನೋಡಿ ಖುಷಿ ಪಡಬೇಡಿ ಅಂತಲೂ ಹೇಳಬೇಕು. ಆರು ಗಿಡಕ್ಕೆ ಇದರ 95 ಶೇಕಡಾ ಕಾನ್ಫಿಡೆನ್ಸ್ ಇಂಟರ್‌ವಲ್ (ನಿಜವಾದ ಅಂಕಿ ಎಲ್ಲಿಂದ ಎಲ್ಲಿಯ ತನಕ ಇರಬಹುದು ಅನ್ನುವ ಅಂದಾಜು) ಸುಮಾರು 0.02ರಿಂದ 1.8ರ ತನಕ ಹೋಗುತ್ತದೆ. ಅಂದರೆ ಸಿಂಪಡಣೆಯಿಂದ ಲಾಭವೋ ನಷ್ಟವೋ ಇಷ್ಟರಿಂದ ಹೇಳಲು ಬರುವುದಿಲ್ಲ.

ಈಗ ಕೋಡ್‌ಗೆ ಬನ್ನಿ. ಮೇಲೆ ನಾವು ಹೊಡೆಯದವಕ್ಕೆ 0, ಹೊಡೆದವಕ್ಕೆ 1 ಕೊಟ್ಟ ಹಾಗಾಯಿತು. ಕೋಡ್ 0 ಇದ್ದರೆ ಹ ಅನ್ನು ಒಂದು ಸಲವೂ ಗುಣಿಸಲ್ಲ, 1 ಇದ್ದರೆ ಒಂದು ಸಲ ಗುಣಿಸುತ್ತೇವೆ. ಯಾರಾದರೂ 1 ಮತ್ತು 2 ಕೊಟ್ಟರೆ? ಹೊಡೆಯದ ಗಿಡದ ವೇಗ ಹ, ಹೊಡೆದದ್ದರ ವೇಗ ಹ × ಹ. 21ನೇ ದಿನದ ಭಿನ್ನರಾಶಿ ಹ ÷ (3ಹ + 3ಹಹ). ಮೇಲೆ ಕೆಳಗೆ ಒಂದೊಂದು ಹ ಹೊಡೆದರೆ ಮತ್ತೆ 1 ÷ (3 + 3ಹ). ಉತ್ತರ ಕೂದಲೆಳೆಯಷ್ಟೂ ಬದಲಾಗಲ್ಲ. ಎರಡೇ ಗುಂಪು ಇದ್ದು, ಎರಡು ಕೋಡ್‌ಗಳ ನಡುವಿನ ಅಂತರ 1 ಇದ್ದರೆ, ಯಾವ ಸಂಖ್ಯೆಯಿಂದ ಶುರು ಮಾಡಿದರೂ ನಡೆಯುತ್ತದೆ.

ಅಂತರ 2 ಆದರೆ ನಡೆಯುವುದಿಲ್ಲ. ಕೆಲವರು −1 ಮತ್ತು +1 ಕೊಡುತ್ತಾರೆ. ಆಗ ಅದೇ ಭಿನ್ನರಾಶಿ 1 ÷ (3 + 3ಹಹ) ಆಗುತ್ತದೆ. ಸಾಫ್ಟ್‌ವೇರ್ ಅಚ್ಚು ಮಾಡುವುದು ಒಂದು ಹ ಮಾತ್ರ, ಅಂದರೆ 0.185ರ ವರ್ಗಮೂಲ, ಸುಮಾರು 0.43. ಎರಡು ಗುಂಪಿನ ನಿಜವಾದ ಹೋಲಿಕೆ ಬೇಕಾದರೆ ಅದನ್ನು ವರ್ಗ ಮಾಡಬೇಕು. ಯಾರದಾದರೂ ಹಳೆಯ ಪ್ರಬಂಧದ ಅಂಕಿಯನ್ನು ನಿಮ್ಮದರ ಜೊತೆ ಹೋಲಿಸುವ ಮೊದಲು ಅವರ ಕೋಡ್ ಏನಿತ್ತು ಅಂತ ನೋಡಿ.

ಮೂರು ಗುಂಪು ಇದ್ದಾಗ 1, 2, 3 ಅಂತ ಹಾಗೇ ಹಾಕಿದರೆ ಏನಾಗುತ್ತದೆ? ಸಾಫ್ಟ್‌ವೇರ್‌ಗೆ ಅವು ಬರೀ ಹೆಸರು ಅಂತ ಗೊತ್ತಿಲ್ಲ. ಜೈವಿಕ ಔಷಧಿ ಅಂದರೆ ಎರಡು ಪಾಲು ಬೋರ್ಡೋ ಅಂತ ಅದು ತಿಳಿಯುತ್ತದೆ. 1ರಿಂದ 2ಕ್ಕೆ ಎಷ್ಟು ಪಟ್ಟು ಏರುತ್ತದೋ 2ರಿಂದ 3ಕ್ಕೂ ಅಷ್ಟೇ ಪಟ್ಟು ಏರಬೇಕು ಅಂತ ಕಟ್ಟಿಹಾಕುತ್ತದೆ. ಗೆಳತಿಯ ಉತ್ತರದ ಪ್ರಕಾರ ಬೋರ್ಡೋದಿಂದ ಜೈವಿಕಕ್ಕೆ 1.6 ಪಟ್ಟು, ಜೈವಿಕದಿಂದ ಹೊಡೆಯದ್ದಕ್ಕೆ 1.25 ಪಟ್ಟು. ಈ ಎರಡನ್ನೂ ತಟ್ಟಿ ಒಂದೇ ಮಟ್ಟ ಮಾಡಿದ್ದಕ್ಕೆ 1.41 ಬಂತು. ಅದು ಯಾವ ಗುಂಪಿನ ಅಂಕಿಯೂ ಅಲ್ಲ. ಅದೇ ಗಿಡಗಳನ್ನು ಇಟ್ಟುಕೊಂಡು ಹೊಡೆಯದವಕ್ಕೆ 1, ಬೋರ್ಡೋಗೆ 2, ಜೈವಿಕಕ್ಕೆ 3 ಅಂತ ಕೋಡ್ ಮಾತ್ರ ಬದಲಿಸಿ ಓಡಿಸಿ ನೋಡಿ. 0.89ರ ಆಸುಪಾಸು ಬರುತ್ತದೆ. ಒಂದು ಎಲೆಯೂ ಬದಲಾಗದೆ 1ಕ್ಕಿಂತ ಮೇಲಿದ್ದ ಅಂಕಿ 1ಕ್ಕಿಂತ ಕೆಳಗೆ ಹೋಯಿತು. ಇಂಥ ಅಂಕಿಗೆ ಅರ್ಥ ಹುಡುಕುತ್ತಾ ಒಂದು ಸಂಜೆಯನ್ನೂ ಕಳೆಯಬೇಡಿ.

ಸಂಖ್ಯೆಯನ್ನೇ ಹಾಕಬಹುದಾದ ಜಾಗವೂ ಇದೆ. ಬೋರ್ಡೋ 0, ಅರ್ಧ ಶೇಕಡಾ, 1 ಶೇಕಡಾ ಅಂತ ಪ್ರಮಾಣ ಬದಲಿಸಿ ನೋಡಿದ್ದರೆ ಅಲ್ಲಿ ಸಂಖ್ಯೆಗೆ ನಿಜವಾದ ಅಂತರ ಇದೆ. ಗಿಡದ ವಯಸ್ಸೂ ಹಾಗೇ. ವಯಸ್ಸನ್ನು ಕಡಿದು ‘ಎಳೆಯ’, ‘ಹಳೆಯ’ ಅಂತ ಎರಡು ಗುಂಪು ಮಾಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅದರಿಂದ ಸುಮ್ನೆ ಮಾಹಿತಿ ಹಾಳು. ವರ್ಷಕ್ಕೆ 1.05 ಅಂತ ಬಂದರೆ ಐದು ವರ್ಷಕ್ಕೆ 1.05 ಅನ್ನು ಐದು ಸಲ ಗುಣಿಸಬೇಕು, 1.28 ಆಗುತ್ತದೆ ಅನ್ನುವುದು ನೆನಪಿರಲಿ.

ಗುಂಪು ಬರೀ ಹೆಸರು ಆಗಿದ್ದಾಗ ಒಂದು ಗುಂಪನ್ನು ನೆಲ ಅಂತ ಇಟ್ಟುಕೊಂಡು ಉಳಿದವನ್ನು ಅದರಿಂದ ಅಳೆಯಬೇಕು. ಆ ನೆಲಕ್ಕೆ ರೆಫರೆನ್ಸ್ ಗುಂಪು ಅನ್ನುತ್ತಾರೆ. ಮೂರು ಗುಂಪಿಗೆ ಎರಡು ಡಮ್ಮಿ ಕಾಲಮ್ (ಆ ಗುಂಪಿನ ಗಿಡಕ್ಕೆ 1, ಉಳಿದವಕ್ಕೆ 0 ಬರೆಯುವ ಕಾಲಮ್) ಸಾಕು. ರೆಫರೆನ್ಸ್ ಗುಂಪಿನ ಗಿಡಕ್ಕೆ ಎರಡರಲ್ಲೂ 0. ನೀವು ಮತ್ತು ಗೆಳತಿ ಬೇರೆ ಬೇರೆ ಆದದ್ದು ಇಲ್ಲಿ. ನೀವು ಏನೂ ಹೇಳದಿದ್ದರೆ ಆರ್ ಹೆಸರುಗಳನ್ನು ಅಕ್ಷರದ ಸಾಲಿನಲ್ಲಿ ಜೋಡಿಸಿ ಮೊದಲನೆಯದನ್ನು ನೆಲ ಮಾಡುತ್ತದೆ. ನೀವು ಇಂಗ್ಲಿಷಿನಲ್ಲಿ ಕೊಟ್ಟ ಹೆಸರು ಬಯೋ, ಬೋರ್ಡೋ, ಕಂಟ್ರೋಲ್. ಆ ಸಾಲಿನಲ್ಲಿ ಬಯೋ ಮೊದಲು. ಹಾಗಾಗಿ ನಿಮ್ಮ 0.625 ಬೋರ್ಡೋವನ್ನು ಜೈವಿಕಕ್ಕೆ ಹೋಲಿಸಿದ್ದು, 1.25 ಹೊಡೆಯದ್ದನ್ನು ಜೈವಿಕಕ್ಕೆ ಹೋಲಿಸಿದ್ದು. ಎಸ್‌ಪಿಎಸ್‌ಎಸ್ ತನ್ನಷ್ಟಕ್ಕೆ ಕೊನೆಯ ಕೋಡ್ ಅನ್ನು ನೆಲ ಮಾಡುತ್ತದೆ. ನಿಮ್ಮಲ್ಲಿ ಕೊನೆಯದು 3, ಹೊಡೆಯದ ಗುಂಪು. ಇಂಥದ್ದೇ ಇನ್ನೆರಡು ಸಾಫ್ಟ್‌ವೇರ್‌ಗಳಲ್ಲಿ ಸ್ಯಾಸ್ ಕೂಡ ಈ ರಿಗ್ರೆಶನ್‌ನಲ್ಲಿ ಕೊನೆಯದನ್ನೇ ಹಿಡಿಯುತ್ತದೆ, ಸ್ಟೇಟಾ ಅತಿ ಚಿಕ್ಕ ಸಂಖ್ಯೆಯನ್ನು.

ಈಗ ಭಾಗಿಸಿ ನೋಡಿ. 0.625 ÷ 1.25 = 0.50. 1 ÷ 1.25 = 0.80. ಗೆಳತಿಯ ಅಂಕಿಗಳು ಬಂದವು ಅಲ್ವಾ? ಬೆಳಗಾವಿಯಿಂದ ಗೋಕಾಕಕ್ಕೆ ಎಷ್ಟು, ಗೋಕಾಕದಿಂದ ಬಾಗಲಕೋಟೆಗೆ ಎಷ್ಟು ಅಂತ ಬೇರೆ ಬೇರೆ ಊರಲ್ಲಿ ನಿಂತು ಅಳೆದ ಹಾಗೆ. ಊರುಗಳು ಇದ್ದಲ್ಲೇ ಇವೆ. ಎರಡೂ ಕಡೆಯ ಲಾಗ್ ಲೈಕ್ಲಿಹುಡ್ (ಮೇಲೆ ಭಿನ್ನರಾಶಿಗಳನ್ನು ಗುಣಿಸಿದೆವಲ್ಲ, ಆ ಗುಣಲಬ್ಧದ ಲಾಗ್) ಹೋಲಿಸಿ ನೋಡಿ, ಆರ್‌ನಲ್ಲಿ ಅದನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಎಸ್‌ಪಿಎಸ್‌ಎಸ್ ಅದನ್ನು −2ರಿಂದ ಗುಣಿಸಿ ಕೊಡುತ್ತದೆ. ಅದನ್ನು ಸರಿಮಾಡಿದರೆ ಎರಡೂ ಹತ್ತಿರ ಹತ್ತಿರ ಕೂರುತ್ತವೆ. ಚೂರು ವ್ಯತ್ಯಾಸ ಉಳಿದರೆ ಕಾರಣ ಬೇರೆ. ನೀವು ವಾರಕ್ಕೊಮ್ಮೆ ತೋಟಕ್ಕೆ ಹೋಗಿದ್ದೀರಿ, ಹಾಗಾಗಿ ಒಂದೇ ದಿನಕ್ಕೆ ಹಲವು ಗಿಡಗಳ ಚುಕ್ಕೆ ದಾಖಲಾಗಿದೆ. ಇಂಥ ಜೊತೆ ದಿನಗಳನ್ನು ಆರ್ ಎಫ್ರಾನ್ ವಿಧಾನದಲ್ಲಿ ಬಿಡಿಸುತ್ತದೆ, ಎಸ್‌ಪಿಎಸ್‌ಎಸ್ ಬ್ರೆಸ್ಲೋ ವಿಧಾನದಲ್ಲಿ. ಆರ್‌ನಲ್ಲೂ ಬ್ರೆಸ್ಲೋ ಅಂತ ಕೇಳಿದರೆ ಅಂಕಿಗಳು ಒಂದಾಗುತ್ತವೆ.

ನಿಮ್ಮ ಪ್ರಬಂಧಕ್ಕೆ ಹೊಡೆಯದ ಗುಂಪೇ ನೆಲ ಆಗಲಿ. ಓದುವವರು ಕೇಳುವ ಮೊದಲ ಪ್ರಶ್ನೆ ‘ಏನೂ ಹೊಡೆಯದಿದ್ದರೆ?’ ಅನ್ನುವುದೇ. ಆರ್‌ನಲ್ಲಿ ರಿಲೆವೆಲ್ ಅನ್ನುವ ಒಂದು ಸಾಲು ಸಾಕು. ಸಾಮಾನ್ಯವಾಗಿ ತೀರಾ ಚಿಕ್ಕ ಗುಂಪನ್ನು ನೆಲ ಮಾಡಬಾರದು. ನೆಲವೇ ಅಲುಗಾಡಿದರೆ ಅದರಿಂದ ಅಳೆದ ಎಲ್ಲಾ ಸಾಲುಗಳ ಇಂಟರ್‌ವಲ್ ಅಗಲ ಆಗುತ್ತದೆ.

ನೆಲ ಬದಲಿಸಿದಾಗ ಇಂಟರ್‌ವಲ್ ಹೇಗೆ ತಿರುಗುತ್ತದೆ ಅಂತ ಬಹಳ ಜನ ತಡವರಿಸುತ್ತಾರೆ. ಬೋರ್ಡೋ 0.50, ಇಂಟರ್‌ವಲ್ 0.35ರಿಂದ 0.72 ಅಂತ ಇಟ್ಟುಕೊಳ್ಳಿ. ತಿರುಗಿಸಿ ಹೊಡೆಯದ್ದನ್ನು ಬೋರ್ಡೋಗೆ ಹೋಲಿಸಿದರೆ 2.00. ಇಂಟರ್‌ವಲ್‌ನ ಕೆಳಗಿನ ತುದಿ 1 ÷ 0.72, ಅಂದರೆ 1.39. ಮೇಲಿನ ತುದಿ 1 ÷ 0.35, ಅಂದರೆ 2.86. ತುದಿಗಳು ಅದಲುಬದಲಾದವು. ಹೀಗೆ ತಿರುಗಿಸುವುದು ನಡೆಯುವುದು ಅದೇ ಎರಡು ಗುಂಪಿಗೆ ಮಾತ್ರ. ಬೋರ್ಡೋ ಮತ್ತು ಜೈವಿಕದ ನಡುವಿನ 0.625 ಅನ್ನು ಭಾಗಿಸಿ ಪಡೆಯಬಹುದು, ಅದರ ಇಂಟರ್‌ವಲ್ ಭಾಗಾಕಾರದಿಂದ ಬರಲ್ಲ. ಅದನ್ನು ಜೈವಿಕವನ್ನು ನೆಲ ಮಾಡಿ ಓಡಿಸಿದ ಔಟ್‌ಪುಟ್‌ನಿಂದ ತೆಗೆದುಕೊಳ್ಳಬೇಕು. ಇದರ ಜೊತೆಗೇ ಬರುವ ಇನ್ನೊಂದು ತಪ್ಪು ಇದೆ: ‘ಬೋರ್ಡೋ ಸಾಲಿನ ಪಿ ಬೆಲೆ ಚಿಕ್ಕದು, ಜೈವಿಕದ್ದು ದೊಡ್ಡದು, ಹಾಗಾಗಿ ಬೋರ್ಡೋ ಜೈವಿಕಕ್ಕಿಂತ ಮೇಲು’ ಅನ್ನುವುದು. (ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಕಾಣುವ ಸಂಭವ ಎಷ್ಟು ಅನ್ನುವುದೇ ಪಿ ಬೆಲೆ.) ಆ ಎರಡೂ ಸಾಲು ಹೊಡೆಯದ ಗುಂಪಿನ ಜೊತೆಗಿನ ಹೋಲಿಕೆ. ಬೋರ್ಡೋ ಮತ್ತು ಜೈವಿಕವನ್ನು ಎದುರುಬದುರು ನಿಲ್ಲಿಸಿದ ಸಾಲು ಆ ಔಟ್‌ಪುಟ್‌ನಲ್ಲಿ ಅಚ್ಚಾಗಿಯೇ ಇಲ್ಲ.

ಇನ್ನು ‘ಅರ್ಧ ಗಿಡ ಉಳಿದವು’ ಅನ್ನುವ ಮಾತು. 0.50 ವೇಗದ ಅಂಕಿ. ಪಾಲಿಗೂ ವೇಗಕ್ಕೂ ಒಂದು ಕೊಂಡಿ ಇದೆ: ಹೊಡೆಯದ ಗುಂಪಿನಲ್ಲಿ ಚೊಕ್ಕಟ ಉಳಿದ ಪಾಲನ್ನು ಹಜಾರ್ಡ್ ರೇಶಿಯೊದ ಘಾತಕ್ಕೆ ಏರಿಸಿದರೆ ಹೊಡೆದ ಗುಂಪಿನಲ್ಲಿ ಉಳಿದ ಪಾಲು ಸಿಗುತ್ತದೆ. ನಿಮ್ಮ ಅದೃಷ್ಟಕ್ಕೆ 0.50ರ ಘಾತ ಅಂದರೆ ವರ್ಗಮೂಲ, ಬಾಯಲ್ಲೇ ಮಾಡಬಹುದು. ಹೊಡೆಯದ್ದರಲ್ಲಿ ನೂರಕ್ಕೆ 81 ಉಳಿದ ದಿನ ಬೋರ್ಡೋದಲ್ಲಿ 90 ಉಳಿದಿರುತ್ತವೆ. ರೋಗ ಬಿದ್ದವು 19 ಮತ್ತು 10, ಹೆಚ್ಚು ಕಡಿಮೆ ಅರ್ಧ. ಹೊಡೆಯದ್ದರಲ್ಲಿ 25 ಉಳಿದ ದಿನ ಬೋರ್ಡೋದಲ್ಲಿ 50. ರೋಗ ಬಿದ್ದವು 75 ಮತ್ತು 50, ಈಗ ಮೂರರಲ್ಲಿ ಎರಡು ಪಾಲು. ಹೊಡೆಯದ್ದರಲ್ಲಿ ಬರೀ 4 ಉಳಿದ ದಿನ ಬೋರ್ಡೋದಲ್ಲಿ 20. ರೋಗ ಬಿದ್ದವು 96 ಮತ್ತು 80. ಹಜಾರ್ಡ್ ರೇಶಿಯೊ ಈ ಮೂರೂ ದಿನ 0.50 ಒಂದೇ. ರೈತ ಕಣ್ಣಾರೆ ನೋಡುವ ತೋಟ ಮಾತ್ರ ಮೂರು ದಿನ ಮೂರು ಥರ. ಅದಕ್ಕೇ ಹಜಾರ್ಡ್ ರೇಶಿಯೊ ಒಂದನ್ನೇ ಕೊಟ್ಟು ಪ್ರಬಂಧ ಮುಗಿಸಬಾರದು. ಪಕ್ಕದಲ್ಲಿ ಕಪ್ಲಾನ್ ಮೇಯರ್ ಗೆರೆ (ದಿನ ಕಳೆದಂತೆ ಎಷ್ಟು ಪಾಲು ಚೊಕ್ಕಟ ಉಳಿಯಿತು ಅಂತ ತೋರಿಸುವ ಗೆರೆ) ಹಾಕಿ, 30, 60, 90ನೇ ದಿನ ಪ್ರತಿ ಗುಂಪಿನಲ್ಲಿ ನೂರಕ್ಕೆ ಎಷ್ಟು ಚೊಕ್ಕಟ ಇದ್ದವು ಅಂತ ಬರೆಯಿರಿ.

‘ಎರಡು ಪಟ್ಟು ದಿನ ತಡೆಯಿತು’ ಅಂತಲೂ ಬರೆಯಬೇಡಿ. ದಿನಾ ವೇಗ ಒಂದೇ ಇದ್ದರೆ ಮಾತ್ರ ಅದು ನಿಜ. ಎಲ್ಲಾ ರೋಗ ಒಂದೇ ವಾರದ ಮಳೆಯಲ್ಲಿ ಬಂದಿದ್ದರೆ ಬೋರ್ಡೋ ಗಿಡಕ್ಕೆ ಸಿಕ್ಕಿದ್ದು ನಾಲ್ಕಾರು ದಿನದ ಬಿಡುವು ಅಷ್ಟೇ ಇರಬಹುದು. ರೈತರಿಗೆ ಹೇಳಲು ನನಗೆ ಇಷ್ಟವಾದ ಮಾತು ಇನ್ನೊಂದು ಇದೆ. ಬೋರ್ಡೋ ಗಿಡ ಒಂದು, ಹೊಡೆಯದ ಗಿಡ ಒಂದು, ಕಣ್ಣು ಮುಚ್ಚಿ ಆರಿಸಿ. ಯಾವುದಕ್ಕೆ ಮೊದಲು ಚುಕ್ಕೆ ಬರುತ್ತದೆ? ವೇಗ 1 ಮತ್ತು 0.5 ಇದ್ದರೆ ಹೊಡೆಯದ ಗಿಡ ಮೊದಲು ಬೀಳುವ ಸಂಭವ 1 ÷ 1.5, ಅಂದರೆ ಮೂರರಲ್ಲಿ ಎರಡು ಸಲ. ಮೂರರಲ್ಲಿ ಒಂದು ಸಲ ಹೊಡೆದ ಗಿಡವೇ ಮೊದಲು ಬೀಳುತ್ತದೆ. ಮೈಲುತುತ್ತ, ಸುಣ್ಣಕ್ಕೆ ದುಡ್ಡು ಸುರಿದ ರೈತನಿಗೆ ಈ ಎರಡನೇ ಮಾತನ್ನೂ ಹೇಳುವುದು ನಮ್ಮ ಕರ್ತವ್ಯ ಅಂತ ನಾನು ನಂಬಿದ್ದೇನೆ.

ಅಂಕಿ ಓದುವ ಮೊದಲು ಘಟನೆ ಯಾವುದು ಅಂತ ಕೇಳಿಕೊಳ್ಳಿ. ವಿಜಯಪುರದಲ್ಲಿ ವೈದ್ಯಕೀಯ ಓದುತ್ತಿದ್ದ ಒಬ್ಬ ಹುಡುಗಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಬಗ್ಗೆ ಮಾಡಿದ ಕೆಲಸ ನೋಡಿದ್ದೆ. ಹೊಸ ಡ್ರೆಸ್ಸಿಂಗ್‌ಗೆ ಹಜಾರ್ಡ್ ರೇಶಿಯೊ 1.6. ಅವಳು ‘ಹೊಸ ಡ್ರೆಸ್ಸಿಂಗ್‌ನಿಂದ ಅಪಾಯ 60 ಶೇಕಡಾ ಜಾಸ್ತಿ’ ಅಂತ ಬರೆದು, ಎರಡು ವರ್ಷದ ಕೆಲಸ ಹಾಳಾಯಿತು ಅಂತ ಕಣ್ಣೀರು ಹಾಕಿಕೊಂಡು ಬಂದಿದ್ದಳು. ಅವಳ ಫೈಲಿನಲ್ಲಿ ಘಟನೆ ಅಂದರೆ ಹುಣ್ಣು ಮಾಯುವುದು. ಮಾಯುವ ವೇಗ 1.6 ಪಟ್ಟು ಆಗಿತ್ತು, ಡ್ರೆಸ್ಸಿಂಗ್ ಚೆನ್ನಾಗಿಯೇ ಕೆಲಸ ಮಾಡಿತ್ತು. ಹಜಾರ್ಡ್ ಅನ್ನುವ ಹೆಸರೇ ಹೆದರಿಸುತ್ತದೆ, ಅವಳ ತಪ್ಪು ಅನ್ನಲಾರೆ.

ಘಟನೆಯ ಕೋಡ್‌ನಲ್ಲಿ ಒಂದು ಗುಂಡಿ ಇದೆ, ಎಸ್‌ಪಿಎಸ್‌ಎಸ್‌ನಿಂದ ಆರ್‌ಗೆ ಫೈಲ್ ಒಯ್ಯುವವರು ಬೀಳುವುದು ಅಲ್ಲೇ. ಚುಕ್ಕೆ ಬಂದರೆ 1, ಬರದೆ ಕಟಾವು ಆದರೆ 2 ಅಂತ ಕೋಡ್ ಇದ್ದರೆ ಎಸ್‌ಪಿಎಸ್‌ಎಸ್ ‘ಯಾವ ಸಂಖ್ಯೆ ಘಟನೆ?’ ಅಂತ ಕೇಳುತ್ತದೆ. ಆರ್ ಕೇಳುವುದಿಲ್ಲ. 1 ಮತ್ತು 2 ಕಂಡರೆ 2 ಅನ್ನು ಘಟನೆ ಅಂತ ಹಿಡಿದು ಕೆಲಸ ಮುಗಿಸುತ್ತದೆ. ಚೊಕ್ಕಟ ಗಿಡಗಳೆಲ್ಲ ರೋಗ ಬಿದ್ದವು ಅಂತ ಆಗುತ್ತದೆ. ಔಟ್‌ಪುಟ್‌ನ ಮೇಲ್ಗಡೆ ಘಟನೆಗಳ ಸಂಖ್ಯೆ ಬರೆದಿರುತ್ತದೆ, ನಿಮ್ಮ ಪುಸ್ತಕದ ಟ್ಯಾಗ್‌ಗಳ ಲೆಕ್ಕಕ್ಕೆ ಅದು ಹೊಂದುತ್ತದಾ ನೋಡಿ.

ಈಗ ಆ 0.2. ನೀವು ಹತ್ತು ದಿನಕ್ಕೊಮ್ಮೆ ಸಿಂಪಡಿಸಿದ್ದೀರಿ. ಚುಕ್ಕೆ ಕಂಡ ಗಿಡದ ಎಣಿಕೆ ಅಲ್ಲಿಗೆ ನಿಂತಿದೆ. 22ನೇ ದಿನ ಚುಕ್ಕೆ ಬಂದ ಗಿಡಕ್ಕೆ ಎರಡೇ ಸಲ ಸಿಂಪಡಣೆ ಸಿಕ್ಕಿತು, ಅದು ‘ಕಡಿಮೆ ಸಲ’ ಗುಂಪಿಗೆ ಹೋಯಿತು. 90 ದಿನ ಚೊಕ್ಕಟ ಉಳಿದ ಗಿಡಕ್ಕೆ ಒಂಬತ್ತು ಸಲ ಸಿಕ್ಕಿತು, ಅದು ‘ಜಾಸ್ತಿ ಸಲ’ಕ್ಕೆ ಹೋಯಿತು. ಈಗ ಯೋಚಿಸಿ. ಐದು ಸಲಕ್ಕಿಂತ ಜಾಸ್ತಿ ಆಗಬೇಕಾದರೆ ಗಿಡ 60 ದಿನ ಚೊಕ್ಕಟ ಇರಲೇಬೇಕು. ಆ ಗುಂಪಿನ ಯಾವ ಗಿಡಕ್ಕೂ ಮೊದಲ 60 ದಿನ ರೋಗ ಬೀಳುವ ಹಾಗೇ ಇಲ್ಲ, ಬಿದ್ದಿದ್ದರೆ ಅದು ಆ ಗುಂಪಿನಲ್ಲಿ ಇರುತ್ತಲೇ ಇರಲಿಲ್ಲ. ನೀವು ಬರೀ ಬಾವಿ ನೀರು ಹೊಡೆದಿದ್ದರೂ ಹೀಗೇ ಚಿಕ್ಕ ಅಂಕಿ ಬರುತ್ತಿತ್ತು. ಉಳಿದದ್ದಕ್ಕೆ ಸಿಂಪಡಣೆ ಜಾಸ್ತಿ ಸಿಕ್ಕಿತು. ಸಿಂಪಡಣೆ ಜಾಸ್ತಿ ಆದದ್ದಕ್ಕೆ ಉಳಿಯಿತು ಅಂತ ಈ ಲೆಕ್ಕ ಹೇಳುತ್ತಿಲ್ಲ.

ಇದು ದೊಡ್ಡ ದೊಡ್ಡವರನ್ನೂ ಎಡವಿಸಿದ ತಪ್ಪು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1968ರಲ್ಲಿ ಹೃದಯ ಕಸಿ ಶುರುವಾಯಿತು. ಕಸಿ ಆದವರು ಆಗದವರಿಗಿಂತ ಬಹಳ ದಿನ ಬದುಕಿದರು ಅಂತ ಮೊದಲ ಲೆಕ್ಕಗಳಲ್ಲಿ ಕಂಡಿತು. ಆದರೆ ದಾನಿಯ ಹೃದಯ ಸಿಗುವ ತನಕ ಬದುಕಿದ್ದವರಿಗೆ ಮಾತ್ರ ಕಸಿ ಆಗುತ್ತಿತ್ತು. ಕಾಯುತ್ತಾ ತೀರಿಕೊಂಡವರೆಲ್ಲ ‘ಆಗದವರು’ ಪಟ್ಟಿಗೆ ಸೇರಿದರು. ಇದನ್ನು ಸರಿಪಡಿಸಲು ಕ್ರೌಲಿ ಮತ್ತು ಹು ಅನ್ನುವ ಸಂಖ್ಯಾಶಾಸ್ತ್ರಜ್ಞರು 1977ರಲ್ಲಿ ಒಬ್ಬನೇ ರೋಗಿಯನ್ನು ಕಸಿಯ ದಿನದ ತನಕ ಒಂದು ಗುಂಪಿನಲ್ಲಿ, ಆಮೇಲೆ ಇನ್ನೊಂದು ಗುಂಪಿನಲ್ಲಿ ಎಣಿಸಿದರು. ನಿಯಮ ಸರಳ. ಒಂದು ದಿನದ ಹೋಲಿಕೆಯಲ್ಲಿ ಆ ದಿನ ಬೆಳಿಗ್ಗೆ ಗೊತ್ತಿದ್ದದ್ದನ್ನು ಮಾತ್ರ ಬಳಸಬೇಕು. ಮುಂದೆ ಏನಾಯಿತು ಅಂತ ನೋಡಿ ಹಿಂದಿನ ದಿನಕ್ಕೆ ಗುಂಪು ಕೊಡಬಾರದು.

ನಿಮ್ಮ ಫೈಲನ್ನೂ ಹಾಗೆ ಒಡೆಯಬಹುದು. ಒಂದು ಗಿಡಕ್ಕೆ ಒಂದೇ ಸಾಲು ಬೇಡ, 0ರಿಂದ 10ನೇ ದಿನಕ್ಕೆ ಒಂದು ಸಾಲು, 10ರಿಂದ 20ಕ್ಕೆ ಇನ್ನೊಂದು. ಪ್ರತಿ ಸಾಲಿನಲ್ಲಿ ಅಲ್ಲಿಯ ತನಕ ಆದ ಸಿಂಪಡಣೆಯ ಎಣಿಕೆ. ಆದರೆ ಇದರಲ್ಲೊಂದು ತೊಡಕು ಇದೆ. ನಮ್ಮ ಆರು ಗಿಡದ ಲೆಕ್ಕ ನೆನಪಿಸಿಕೊಳ್ಳಿ, 70ನೇ ದಿನ ಉಳಿದ ಎರಡೂ ಒಂದೇ ಗುಂಪಿನವು ಆದ್ದರಿಂದ ಹ ಹೊಡೆದುಹೋಯಿತು. ನೀವು ಎಲ್ಲಾ ಬೋರ್ಡೋ ಗಿಡಗಳಿಗೂ ಒಂದೇ ದಿನ ಸಿಂಪಡಿಸಿದ್ದರೆ, ಯಾವ ದಿನ ನೋಡಿದರೂ ಅಂದು ಉಳಿದ ಬೋರ್ಡೋ ಗಿಡಗಳಿಗೆಲ್ಲ ಸಿಂಪಡಣೆಯ ಎಣಿಕೆ ಒಂದೇ ಇರುತ್ತದೆ. ಅವುಗಳ ನಡುವೆ ಹೋಲಿಸಲು ಏನೂ ಉಳಿಯಲ್ಲ. ಎಣಿಕೆಯ ಪ್ರಶ್ನೆಗೆ ನಿಮ್ಮ ಪ್ರಯೋಗದಲ್ಲಿ ಉತ್ತರ ಇರಬೇಕಾದರೆ ಬೇರೆ ಬೇರೆ ಸಾಲಿಗೆ ಬೇರೆ ಬೇರೆ ದಿನ ಸಿಂಪಡಿಸಿರಬೇಕು.

ಬೋರ್ಡೋದ ಪದರ ಮಳೆಗೆ ಸವೆಯುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಹಾಗಾದರೆ ಎಲ್ಲಾ ದಿನಕ್ಕೂ 0.50 ಒಂದೇ ಇರುತ್ತದಾ? ಹಜಾರ್ಡ್ ರೇಶಿಯೊ ದಿನ ಕಳೆದಂತೆ ಬದಲಾಗುತ್ತಿದೆಯಾ ಅಂತ ತೋರಿಸುವ ಶೋನ್‌ಫೆಲ್ಡ್ ರೆಸಿಡ್ಯುಯಲ್ ಗೆರೆ ಹಾಕಿ ನೋಡಿ. ಗೆರೆ ವಾಲಿದ್ದರೆ ಮಳೆಗೆ ಮುಂಚೆ ಒಂದು, ಮಳೆ ಹಿಡಿದ ಮೇಲೆ ಒಂದು ಅಂತ ಎರಡು ಹಜಾರ್ಡ್ ರೇಶಿಯೊ ಕೊಡಿ. ಒಂದು ಸರಾಸರಿ ಅಂಕಿಗಿಂತ ಅದು ರೈತರಿಗೆ ಹೆಚ್ಚು ಉಪಯೋಗ. ಪಕ್ಕದ ಗಿಡದಿಂದ ರೋಗ ಹಾರುವ ಕಾರಣ ಗಿಡಗಳು ಒಂದಕ್ಕೊಂದು ಸಂಬಂಧ ಇಲ್ಲದವು ಅಂತಲೂ ಅನ್ನುವಂತಿಲ್ಲ. ಇಡೀ ತಾಕಿಗೆ ಒಂದೇ ಔಷಧಿ ಹೊಡೆದಿದ್ದರೆ ತಾಕನ್ನು ಕ್ಲಸ್ಟರ್ (ಒಂದಕ್ಕೊಂದು ಸಂಬಂಧ ಇರುವ ಗಿಡಗಳ ಗೊಂಚಲು) ಅಂತ ಹೇಳಿ ಓಡಿಸಿ. ಇಂಟರ್‌ವಲ್ ಅಗಲ ಆಗುವ ಸಂಭವ ಜಾಸ್ತಿ, ಆದರೂ ಅದೇ ನಿಜಕ್ಕೆ ಹತ್ತಿರ.

ಪ್ರಬಂಧದಲ್ಲಿ ಬರೆಯುವ ವಾಕ್ಯ ಹೀಗಿರಲಿ: ‘ಚಾಟಣಿಯಿಂದ 90 ದಿನದ ಒಳಗೆ, ಏನೂ ಸಿಂಪಡಿಸದ ಗಿಡಗಳಿಗೆ ಹೋಲಿಸಿದರೆ, ಬೋರ್ಡೋ ಗಿಡಗಳಲ್ಲಿ ಮೊದಲ ಚುಕ್ಕೆ ಕಾಣುವ ವೇಗ 0.50 ಪಟ್ಟು.’ ಇಂಟರ್‌ವಲ್ ಪಕ್ಕದಲ್ಲಿ. ಎಷ್ಟರ ಒಳಗೆ, ಯಾರಿಗೆ ಹೋಲಿಸಿ, ಯಾವ ಘಟನೆ, ಮೂರೂ ಒಂದೇ ವಾಕ್ಯದಲ್ಲಿ ಬಂದವು. ಜೈವಿಕಕ್ಕೂ ಇಂಥದ್ದೇ ಇನ್ನೊಂದು ವಾಕ್ಯ ಬರೆಯಿರಿ. 0.2 ಇರುವ ಕೋಷ್ಟಕ ತೆಗೆದುಬಿಡಿ. ನಿಮ್ಮ ಪುಸ್ತಕದಲ್ಲಿ ಪ್ರತಿ ಸಾಲಿಗೆ ಸಿಂಪಡಿಸಿದ ತಾರೀಖು ಬರೆದಿದ್ದರೆ ಆ ಪುಟಗಳ ಫೋಟೋ ಕಳಿಸಿ. ಸಾಲುಗಳಿಗೆ ಬೇರೆ ಬೇರೆ ದಿನ ಸಿಕ್ಕಿದ್ದರೆ ಫೈಲನ್ನು ಎಲ್ಲಿ ಒಡೆಯಬೇಕು ಅಂತ ಗುರುತು ಹಾಕಿ ಕೊಡುತ್ತೇನೆ.